ಕರ್ನಾಟಕವೆಂಬ ರಾಜ್ಯವಿಲ್ಲದಾಗ ‘ಕರ್ನಾಟಕಿ’ ಎನಿಸಿಕೊಂಡ ಗಾಯಕಿ

ಶಿವಾಜಿನಗರದ ಒಂದು ಗಲ್ಲಿಯಲ್ಲಿ ಒಬ್ಬ ಟೈಲರ್ ಚಾಚಾ ಇದ್ದರು. ನಮ್ಮ ಶಾಲೆಯ ಖಾಕಿ ಚಡ್ಡಿಗಳೆಲ್ಲ ಅವರ ಹೊಲಿಗೆ ಮೆಷಿನ್‌ನಿಂದಲೇ ಬರುತ್ತಿದ್ದವು. 1962ರ ಮಾತು, ಆಗ ನನಗೆ ಹನ್ನೊಂದು ವರ್ಷ. ಹಲಸೂರಿನ ಮನೆಯಿಂದ ಶಾಲೆಗೆ ನಡೆದೇ ಹೋಗುತ್ತಿದ್ದೆ. ಬೇಗ ಹೊರಟರೆ ಒಂದು ಲಾಭವಿತ್ತು. ಚಾಚಾ ಅಂಗಡಿಯ ಕಟ್ಟೆಯ ಮೇಲೆ ಕೂತು ರೇಡಿಯೊ ಕೇಳಬಹುದಿತ್ತು.

ಮಕ್ಕಳೇ, ಆಗಿನ ರೇಡಿಯೊ ನಿಮ್ಮ ಮೊಬೈಲಿನ ಹಾಗೆ ಮುಟ್ಟಿದ ತಕ್ಷಣ ಹಾಡುತ್ತಿರಲಿಲ್ಲ. ಮರದ ಪೆಟ್ಟಿಗೆಯೊಳಗಿನ ವಾಲ್ವ್‌ಗಳು ಬಿಸಿಯಾಗುವವರೆಗೆ ಕಾಯಬೇಕು. ಅದನ್ನು ಮನೆಯಲ್ಲಿಟ್ಟುಕೊಳ್ಳಲು ಲೈಸೆನ್ಸ್ ಬೇರೆ ಬೇಕಿತ್ತು, ಅದರ ಹಣವನ್ನು ಪ್ರತಿ ವರ್ಷ ಅಂಚೆ ಕಚೇರಿಯಲ್ಲಿ ಕಟ್ಟಬೇಕಿತ್ತು. ಚಾಚಾ ಬೆಳಗ್ಗೆ ಏಳೂವರೆಗೆ ಸಿಲೋನ್ ರೇಡಿಯೊ ಹಾಕುತ್ತಿದ್ದರು. ಅರ್ಧ ಗಂಟೆ ಹಳೆಯ ಹಿಂದಿ ಚಿತ್ರಗಳ ಹಾಡು, ಕೊನೆಯಲ್ಲಿ ತಪ್ಪದೆ ಸೈಗಲ್. ಸೈಗಲ್ ಹಾಡು ಮುಗಿದರೆ ಎಂಟು ಗಂಟೆಯಾಯಿತೆಂದೇ ಲೆಕ್ಕ, ನಾನು ಶಾಲೆಗೆ ಓಡಬೇಕು.

ಒಂದು ದಿನ ಹಾಡು ಮುಗಿದ ಮೇಲೆ ಹಾಡಿದವರ ಹೆಸರು ಹೇಳಿದರು. ‘ಅಮೀರ್‌ಬಾಯಿ ಕರ್ನಾಟಕಿ’. ನನ್ನ ಕಿವಿ ನೆಟ್ಟಗಾಯಿತು. ಹಿಂದಿ ಹಾಡೆಂದರೆ ಅದು ಬೇರೆಯವರದು, ನಮ್ಮ ಮನೆಯ ಭಾಷೆಗೂ ಅದಕ್ಕೂ ಸಂಬಂಧವಿಲ್ಲ ಎಂದುಕೊಂಡಿದ್ದವನು ನಾನು. ನಮ್ಮ ಬೀದಿಯಲ್ಲಿ ಒಂದು ಮನೆಯಲ್ಲಿ ತಮಿಳು, ಇನ್ನೊಂದರಲ್ಲಿ ಉರ್ದು, ಮೂರನೆಯದರಲ್ಲಿ ತೆಲುಗು. ಕನ್ನಡ ಮಾತನಾಡುವ ನಾವು ನಮ್ಮದೇ ಊರಲ್ಲಿ ಸ್ವಲ್ಪ ಮೆತ್ತಗೇ ಮಾತನಾಡುತ್ತಿದ್ದೆವು.

“ಚಾಚಾ, ಇವರು ನಮ್ಮೋರಾ?”

“ಮತ್ತೆ? ಬಿಜಾಪುರದ ಕಡೆಯೋರು. ಹೆಸರಲ್ಲೇ ಐತಲ್ಲೋ ಮಗಾ” ಎಂದು ಚಾಚಾ ಬಾಯಲ್ಲಿದ್ದ ದಾರವನ್ನು ಕಚ್ಚಿ ತುಂಡು ಮಾಡಿದರು.

ಆದರೆ ನನಗೆ ಇನ್ನೊಂದು ಸಂಶಯ ಹುಟ್ಟಿತು. ಶಾಲೆಯ ಗೋಡೆಯ ಮೇಲಿದ್ದ ಭೂಪಟದಲ್ಲಿ ನಮ್ಮ ರಾಜ್ಯದ ಹೆಸರು ಮೈಸೂರು. ಹಾಗಿದ್ದರೆ ಕರ್ನಾಟಕಿ ಎಲ್ಲಿಂದ ಬಂತು? ಮೇಷ್ಟ್ರನ್ನು ಕೇಳಿದೆ. “ನಾಡಿನ ಹೆಸರು ಹಳೆಯದು, ಸರ್ಕಾರದ ಹೆಸರು ಬೇರೆ” ಎಂದಷ್ಟೇ ಹೇಳಿದರು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿದ್ದು 1973ರ ನವೆಂಬರ್ 1ರಂದು. ಅಷ್ಟರಲ್ಲಿ ಅಮೀರ್‌ಬಾಯಿ ತೀರಿಕೊಂಡು ಎಂಟು ವರ್ಷ ಕಳೆದಿತ್ತು. ಅವರು ಹುಟ್ಟಿದಾಗಲಂತೂ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ದಂಡು ಪ್ರದೇಶವನ್ನು ಬ್ರಿಟಿಷರು ಆಳುತ್ತಿದ್ದರು, ಪೇಟೆಯ ಕಡೆ ಮೈಸೂರು ಮಹಾರಾಜರ ಆಡಳಿತ. ನಾಡು ಹೀಗೆ ತುಂಡು ತುಂಡಾಗಿದ್ದ ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳು ಅದರ ಹೆಸರನ್ನು ತನ್ನ ಹೆಸರಿನ ಜೊತೆ ಇಟ್ಟುಕೊಂಡು ಇಡೀ ದೇಶ ಗುನುಗುವ ಹಾಗೆ ಹಾಡಿದಳು.

ಅಮೀರ್‌ಬಾಯಿಯ ಊರು ಬೀಳಗಿ. ಈಗ ಅದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಹಾಡು, ನಾಟಕ ಎಂದರೆ ಹೊರಗಿನ ಮಾತಾಗಿರದ ಮನೆ ಅದು. ಐವರು ಅಕ್ಕತಂಗಿಯರು, ಅವರಲ್ಲಿ ಇಬ್ಬರು ಹೆಸರು ಮಾಡಿದರು. ಅಕ್ಕ ಗೋಹರ್‌ಬಾಯಿ, ತಂಗಿ ಅಮೀರ್‌ಬಾಯಿ.

ಉತ್ತರ ಕರ್ನಾಟಕದಲ್ಲಿ ಆಗ ಕಂಪನಿ ನಾಟಕಗಳ ಸುಗ್ಗಿ. ಹಬ್ಬಕ್ಕೆ, ಜಾತ್ರೆಗೆ ಟೆಂಟು ಹಾಕಿ ರಾತ್ರಿಯಿಡೀ ಆಡುತ್ತಿದ್ದರು. ನಟರಿಗೆ ಮಾತು ಬಂದರೆ ಸಾಲದು, ಹಾಡೂ ಬರಬೇಕು. ಮೈಕು ಇಲ್ಲ. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಕೇಳಿಸುವ ಹಾಗೆ ಹಾಡಬೇಕು. ಅಂಥ ಕಡೆ ಪಳಗಿದ ಗಂಟಲಿಗೆ ಒಂದು ತುಂಬು ಇರುತ್ತದೆ. ಅಮೀರ್‌ಬಾಯಿಯ ದನಿ ಕೇಳಿದರೆ ನಿಮಗೇ ಗೊತ್ತಾಗುತ್ತದೆ. ಸ್ವಲ್ಪ ಗಟ್ಟಿ, ಕೊಂಚ ಮೂಗಿನ ಲೇಪ, ಆದರೆ ಪ್ರತಿ ಮಾತೂ ಬಿಡಿಬಿಡಿಯಾಗಿ ಕೇಳುತ್ತದೆ.

ಹಾಡುವ, ನಟಿಸುವ ಹೆಣ್ಣು ಎಂದರೆ ಮೂಗು ಮುರಿಯುತ್ತಿದ್ದ ಕಾಲ ಅದು. ಹಾಡು ಕೇಳಲು ಎಲ್ಲರಿಗೂ ಬೇಕು, ಹಾಡಿದವಳನ್ನು ಮನೆಯ ಪಡಸಾಲೆಗೆ ಕರೆಯಲು ಯಾರಿಗೂ ಬೇಡ. ಹೀಗಿರುವಾಗ ಮುಂದೆ ಹೋಗಿ ದಾರಿ ನೋಡಿದವಳು ಅಕ್ಕ. ಮರಾಠಿ ರಂಗಭೂಮಿಯಲ್ಲಿ ಆಗ ಬಾಲಗಂಧರ್ವ ಎಂಬ ದೊಡ್ಡ ಗಾಯಕ ನಟರಿದ್ದರು. ಗಂಡಸಾದರೂ ಸ್ತ್ರೀ ಪಾತ್ರಗಳಿಗೆ ಹೆಸರಾದವರು. ಅವರ ಗಾಯನಕ್ಕೆ ಮಾರುಹೋಗಿದ್ದ ಗೋಹರ್‌ಬಾಯಿ ಮುಂದೆ ಅವರ ಕಂಪನಿಯನ್ನೇ ಸೇರಿ ನಾಯಕಿಯ ಪಾತ್ರ ಮಾಡಿದರು.

ತಂಗಿ ಮೆಟ್ರಿಕ್ ಮುಗಿಸಿ, 15 ವರ್ಷದ ಹುಡುಗಿಯಾಗಿದ್ದಾಗ ಮುಂಬಯಿಗೆ ಹೋದಳು. ನಿಮ್ಮ ಒಂಬತ್ತನೇ, ಹತ್ತನೇ ತರಗತಿಯ ಅಕ್ಕಂದಿರ ವಯಸ್ಸು. ಗ್ರಾಮಫೋನ್ ಕಂಪನಿ ಎಚ್‌ಎಂವಿಯವರು ಅವಳ ದನಿ ಮೆಚ್ಚಿ ಒಂದು ಕವ್ವಾಲಿ ಹಾಡಿಸಿದರು, ಅದು ಜನಪ್ರಿಯವಾಯಿತು. 1934ರಲ್ಲಿ ‘ವಿಷ್ಣು ಭಕ್ತಿ’ ಎಂಬ ಚಿತ್ರದಲ್ಲಿ ಪಾತ್ರ ಸಿಕ್ಕಿದ್ದು ಅಕ್ಕನಿಂದ. ಈ ಒಂದು ಸಂಗತಿ ನನಗೆ ಬಹಳ ಹಿಡಿಸುತ್ತದೆ. ಸಾಹುಕಾರರಲ್ಲ, ದೊಡ್ಡ ಮನುಷ್ಯರ ಶಿಫಾರಸಲ್ಲ, ಅಕ್ಕ ತಂಗಿಯ ಕೈ ಹಿಡಿದಳು.

ಹೆಸರಿಗೆ ‘ಕರ್ನಾಟಕಿ’ ಸೇರಿದ್ದರಲ್ಲಿ ಆಶ್ಚರ್ಯವೇನಿಲ್ಲ. ಹೊರ ಊರಿನಿಂದ ಬಂದ ಗಾಯಕಿಯರನ್ನು ಅವರವರ ಊರಿನಿಂದಲೇ ಗುರುತಿಸುವುದು ವಾಡಿಕೆ. ಅಂಬಾಲಾದ ಜೊಹರಾಬಾಯಿ ‘ಅಂಬಾಲೆವಾಲಿ’ ಆದರು. ನಮ್ಮ ಗಂಗೂಬಾಯಿ ‘ಹಾನಗಲ್’ ಆದರು. ಈ ಅಕ್ಕತಂಗಿಯರಿಗೆ ಮಾತ್ರ ಬೀಳಗಿ ಬಿಟ್ಟು ಇಡೀ ನಾಡೇ ಅಂಟಿಕೊಂಡಿತು.

1940ರಲ್ಲಿ ‘ನರಸಿ ಭಗತ್’ ಚಿತ್ರ ಬಂತು. ಗುಜರಾತಿನ ಸಂತ ಕವಿ ನರಸಿ ಮೆಹ್ತಾರ ಕಥೆ. ಗಾಂಧಿ ಜಯಂತಿಯಂದು ನೀವು ಶಾಲೆಯಲ್ಲಿ ಹಾಡುವ ‘ವೈಷ್ಣವ ಜನತೋ’ ಅವರದೇ ಭಜನೆ. ಅದನ್ನು ಅಮೀರ್‌ಬಾಯಿ ಹಾಡಿದರು. ಬೀಳಗಿಯ ಮುಸ್ಲಿಂ ಮನೆಯ ಹುಡುಗಿ ಗುಜರಾತಿ ವೈಷ್ಣವ ಭಜನೆಯನ್ನು ಹಾಡಿದ್ದು ಗಾಂಧೀಜಿಯವರಿಗೆ ಬಹಳ ಮೆಚ್ಚುಗೆಯಾಗಿತ್ತು ಎಂದು ಹೇಳುತ್ತಾರೆ.

ಆಮೇಲೆ ಬಂದದ್ದು 1943ರ ‘ಕಿಸ್ಮತ್’. ಬಾಂಬೆ ಟಾಕೀಸ್ ತೆಗೆದ ಚಿತ್ರ. ಅಶೋಕ್ ಕುಮಾರ್ ನಾಯಕ, ಅನಿಲ್ ಬಿಸ್ವಾಸ್ ಸಂಗೀತ. ತಾತ ಅಜ್ಜಿಯರಿಗೆ ಹೆಸರು ಗೊತ್ತಿರುತ್ತದೆ, ಮಕ್ಕಳಿಗಾಗಿ ಹೇಳುತ್ತೇನೆ. ಕೋಲ್ಕತಾದ ರಾಕ್ಸಿ ಚಿತ್ರಮಂದಿರ ಒಂದರಲ್ಲೇ ಅದು ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಒಂದನೇ ತರಗತಿಗೆ ಸೇರಿದ ಮಗು ನಾಲ್ಕನೇ ತರಗತಿಗೆ ಬಂದರೂ ಅದೇ ಚಿತ್ರಮಂದಿರ, ಅದೇ ಚಿತ್ರ!

ನಾಯಕಿಯಾಗಿ ತೆರೆಯ ಮೇಲೆ ಕಾಣುವವರು ಮುಮ್ತಾಜ್ ಶಾಂತಿ, ದನಿ ಅಮೀರ್‌ಬಾಯಿಯದು. ಹಿನ್ನೆಲೆ ಗಾಯನ ಹಿಂದಿ ಚಿತ್ರಗಳಿಗೆ ಬಂದು ಆಗಿನ್ನೂ ಎಂಟೇ ವರ್ಷ. ಅದಕ್ಕೆ ಮುಂಚೆ ನಟಿಸಿದವರೇ ಹಾಡಬೇಕಿತ್ತು. ಹಾಡಿನ ಧ್ವನಿಮುದ್ರಣವೂ ಈಗಿನಂತೆ ತುಂಡು ತುಂಡಾಗಿ ನಡೆಯುತ್ತಿರಲಿಲ್ಲ. ಗಾಯಕಿ, ತಬಲಾ, ಪಿಟೀಲು, ಕೊಳಲು ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ಮೊದಲಿಂದ ಕೊನೆವರೆಗೆ ಒಟ್ಟಿಗೆ ನುಡಿಸಬೇಕು. ಕೊನೆಯ ಸಾಲಿನಲ್ಲಿ ಯಾರಾದರೂ ಕೆಮ್ಮಿದರೆ ಮತ್ತೆ ಮೊದಲಿಂದ!

ಆ ಚಿತ್ರದಲ್ಲಿ ಕವಿ ಪ್ರದೀಪ್ ಬರೆದ ಒಂದು ದೇಶಭಕ್ತಿ ಗೀತೆಯಿದೆ. ಅಮೀರ್‌ಬಾಯಿ ಮತ್ತು ಖಾನ್ ಮಸ್ತಾನಾ ಹಾಡಿದ್ದು. ಅದರ ಹಿಂದಿನ ವರ್ಷವಷ್ಟೇ ಕ್ವಿಟ್ ಇಂಡಿಯಾ ಚಳವಳಿ ಆರಂಭವಾಗಿ, ನಾಯಕರೆಲ್ಲ ಜೈಲಿನಲ್ಲಿದ್ದರು. ನಮ್ಮ ದೇಶದಿಂದ ದೂರ ಹೋಗಿ ಎಂದು ಪರಕೀಯರಿಗೆ ಹೇಳುವ ಹಾಡನ್ನು ಬ್ರಿಟಿಷ್ ಸರ್ಕಾರ ಹೇಗೆ ಬಿಟ್ಟಿತು? ಅಲ್ಲೇ ಇರುವುದು ಜಾಣತನ. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಹಾಡಿನಲ್ಲಿ ಹೆಸರಿಸಿದ್ದು ಜರ್ಮನ್ನರನ್ನು, ಜಪಾನಿಯರನ್ನು. ಸೆನ್ಸಾರ್‌ನವರು ನಮ್ಮ ಶತ್ರುಗಳಿಗೇ ಬೈದಿದ್ದಾರೆ ಎಂದುಕೊಂಡು ಮುದ್ರೆ ಒತ್ತಿದರು. ಟಾಕೀಸಿನಲ್ಲಿ ಕೂತ ಜನರಿಗೆ ಯಾರಿಗೆ ಹೇಳಿದ್ದು ಎಂದು ಚೆನ್ನಾಗಿ ಗೊತ್ತಿತ್ತು. ರೀಲನ್ನು ಹಿಂದಕ್ಕೆ ಸುತ್ತಿಸಿ ಮತ್ತೆ ಮತ್ತೆ ಹಾಡಿಸಿಕೊಳ್ಳುತ್ತಿದ್ದರಂತೆ.

ಅಲ್ಲಿಂದ ನಾಲ್ಕೈದು ವರ್ಷ ಅಮೀರ್‌ಬಾಯಿಯದೇ ಕಾಲ. ನೌಷಾದ್ ಸಂಗೀತದ ‘ರತನ್’, ಸಿ. ರಾಮಚಂದ್ರ ಸಂಗೀತದ ‘ಶಹನಾಯಿ’ ಎಲ್ಲದರಲ್ಲೂ ಅವರ ಹಾಡು. ಬೇರೆಯವರಿಗೆ ಒಂದು ಹಾಡಿಗೆ 500 ರೂಪಾಯಿ ಸಿಗುತ್ತಿದ್ದಾಗ ಅವರಿಗೆ 1,000 ರೂಪಾಯಿ ಕೊಡುತ್ತಿದ್ದರು ಎಂದು ಆಗಿನ ಸಿನಿಮಾ ಪತ್ರಿಕೆ ಬರೆದಿತ್ತು. ಬ್ಯಾಂಕಿನಲ್ಲಿ ಲೆಕ್ಕ ಬರೆದವನಾದ್ದರಿಂದ ಈ ಅಂಕಿ ಕಂಡಾಗ ಸುಮ್ಮನೆ ಮುಂದೆ ಹೋಗಲು ಆಗುವುದಿಲ್ಲ. ಅದಾದ ಸುಮಾರು ಮೂವತ್ತು ವರ್ಷದ ಮೇಲೆ ನಾನು ಗುಮಾಸ್ತನಾಗಿ ಸೇರಿದಾಗಲೂ ನನ್ನ ತಿಂಗಳ ಸಂಬಳ ಅವರ ಒಂದು ಹಾಡಿನ ಅರ್ಧಕ್ಕೆ ಸಮ ಇರಲಿಲ್ಲ.

1948ರಲ್ಲಿ ‘ಶಹನಾಜ್’ ಎಂಬ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶಕಿಯಾದರು. ಆ ಕುರ್ಚಿಯಲ್ಲಿ ಹೆಂಗಸರನ್ನು ಬೆರಳೆಣಿಕೆಯಷ್ಟು ಮಾತ್ರ ಕಾಣಬಹುದಾಗಿದ್ದ ಕಾಲ.

ಇಷ್ಟೆಲ್ಲ ಇದ್ದರೂ ಮನೆಯಲ್ಲಿ ಸುಖವಿರಲಿಲ್ಲ. ಮೊದಲ ಗಂಡ ಒಬ್ಬ ನಟ, ಹೊಡೆಯುತ್ತಿದ್ದವನು. ಮಕ್ಕಳ ಪತ್ರಿಕೆಯಲ್ಲಿ ಇದನ್ನು ಬರೆಯಬೇಕೆ ಎಂದು ಯೋಚಿಸಿದೆ. ಬರೆಯದಿದ್ದರೆ ಕಥೆ ಸುಳ್ಳಾಗುತ್ತದೆ. ಅಮೀರ್‌ಬಾಯಿ ಸಹಿಸಿಕೊಂಡು ಸುಮ್ಮನಿರಲಿಲ್ಲ. ವಕೀಲರ ಸಹಾಯ ಪಡೆದು ಆ ಮದುವೆಯಿಂದ ಹೊರಬಂದರು, ಹಾಡುವುದನ್ನು ಬಿಡಲಿಲ್ಲ. ಮುಂದೆ ಇನ್ನೊಂದು ಮದುವೆಯಾಗಿ ನೆಮ್ಮದಿಯಿಂದಿದ್ದರು.

1949ರಲ್ಲಿ ಗಾಳಿ ಬದಲಾಯಿತು. ‘ಮಹಲ್’, ‘ಅಂದಾಜ್’, ‘ಬರಸಾತ್’ ಒಂದೇ ವರ್ಷದಲ್ಲಿ ಬಂದವು, ಮೂರರಲ್ಲೂ ಲತಾ ಮಂಗೇಶ್ಕರ್. ತಮಾಷೆ ನೋಡಿ, ಲತಾ ಕೂಡ ನಾಟಕ ಕಂಪನಿಯ ಮನೆಯ ಮಗಳೇ. ತಂದೆ ದೀನಾನಾಥ ಮಂಗೇಶ್ಕರರಿಗೆ ಸ್ವಂತ ಕಂಪನಿಯಿತ್ತು. ಆದರೆ ದನಿ ಬೇರೆ ಜಾತಿಯದು. ತೆಳು, ಎತ್ತರ, ದಾರದ ಹಾಗೆ ನೂಲುವಂಥದು. ಮೈಕಿಗೆ ಹೇಳಿ ಮಾಡಿಸಿದ ದನಿ. ಅದನ್ನು ಕೇಳಿದ ಕಿವಿಗೆ ನಾಟಕದ ಟೆಂಟಿನಿಂದ ಬಂದ ತುಂಬುದನಿ ಹಳೆಯದಾಗಿ ಕೇಳಿಸತೊಡಗಿತು. ಅಮೀರ್‌ಬಾಯಿ, ಜೊಹರಾಬಾಯಿ ಇಬ್ಬರೂ ಕೆಲವೇ ವರ್ಷಗಳಲ್ಲಿ ಬದಿಗೆ ಸರಿದರು. ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಜಗಳವೇ ಇದೆ. ನನ್ನ ಹೆಂಡತಿ ಲತಾ ಪಕ್ಷ. ನಾನು ಎರಡೂ ಕಡೆ ಕೂರುತ್ತೇನೆ. ಆದರೆ ‘ಕಿಸ್ಮತ್’ ಹಾಡುಗಳನ್ನು ಬೇರೆ ದನಿಯಲ್ಲಿ ನನಗೆ ಊಹಿಸಿಕೊಳ್ಳಲು ಆಗುವುದಿಲ್ಲ.

ಹಾಡು ಕಡಿಮೆಯಾದ ಮೇಲೆ ಅಮೀರ್‌ಬಾಯಿ ಮುನಿಸಿಕೊಂಡು ಊರಿಗೆ ಹೋಗಲಿಲ್ಲ. ಚಿಕ್ಕಪುಟ್ಟ ಪೋಷಕ ಪಾತ್ರಗಳಲ್ಲಿ ನಟಿಸುತ್ತ ಹೋದರು. 1965ರ ಮಾರ್ಚ್ 3ರಂದು ಪಾರ್ಶ್ವವಾಯುವಿನಿಂದ ತೀರಿಕೊಂಡರು. ಅವರ ದೇಹವನ್ನು ಬಿಜಾಪುರಕ್ಕೆ ತಂದು ಮಣ್ಣು ಮಾಡಿದರು. ಅವರ ಜೀವನದ ಮೇಲೆ ರಹಮತ್ ತರೀಕೆರೆಯವರು ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ, ದೊಡ್ಡವರು ಓದಬೇಕು.

ಚಾಚಾ ಹೇಳಿದ್ದ ಹೆಸರು ನನ್ನ ತಲೆಯಲ್ಲಿ ಹಾಗೇ ಉಳಿದಿತ್ತು. 1986ರಲ್ಲಿ ಎಲ್‌ಟಿಸಿ ಹಾಕಿ ಮನೆಯವರನ್ನು ಗೋಳಗುಮ್ಮಟ ತೋರಿಸಲು ಕರೆದುಕೊಂಡು ಹೋದೆ. ಗುಮ್ಮಟದ ಮೇಲೆ ನಿಂತು ಮಕ್ಕಳು ತಮ್ಮ ಹೆಸರನ್ನೇ ಕೂಗಿ ಕೂಗಿ ದಣಿದರು. ಸಂಜೆ ಪೇಟೆಯಲ್ಲಿ ನಡೆಯುವಾಗ ಒಂದು ಚಿತ್ರಮಂದಿರದ ಬೋರ್ಡು ಕಂಡಿತು. ‘ಅಮೀರ್ ಟಾಕೀಸ್’.

“ಅಪ್ಪಾ, ಅಮೀರ್ ಅಂದ್ರೆ ಈ ಟಾಕೀಸಿನ ಸಾಹುಕಾರರಾ?” ಎಂದು ಮಗಳು ಕೇಳಿದಳು. ನಾನು ಉತ್ತರ ಹೇಳುವ ಮೊದಲೇ ಪಕ್ಕದ ಚಹಾ ಅಂಗಡಿಯ ಮುದುಕರು ತಿರುಗಿ ನೋಡಿದರು.

“ಸಾಹುಕಾರ ಅಲ್ಲವ್ವಾ, ಹೆಣಮಗಳು. ಬೀಳಗಿಯಾಕಿ. ಭಾಳ ಛಲೋ ಹಾಡತಿದ್ಳು.”

ಅಂದು ಅಲ್ಲಿ ಯಾವುದೋ ಹೊಡೆದಾಟದ ಸಿನಿಮಾ ನಡೆಯುತ್ತಿತ್ತು. ನನ್ನ ಹೆಂಡತಿಗೆ ಅಂಥವು ಸೇರುವುದಿಲ್ಲ. ಆದರೂ ನಾಲ್ಕು ಟಿಕೆಟ್ ತೆಗೆದುಕೊಂಡು ಒಳಗೆ ಹೋದೆವು.