ಕಲ್ಕತ್ತೆಯ ಬಿಷಪ್ ಗಾದಿ: ಕಂದಾಯದ ಹಣ, ಕಾದ ವರ್ಷಗಳು

1865ರಲ್ಲಿ ಶುರುವಾದ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯ ಹೆಸರು ಕೇಳದವರು ಕಡಿಮೆ. ಅದಕ್ಕೆ ಹೆಸರು ಕೊಟ್ಟ ಜಾರ್ಜ್ ಕಾಟನ್ ಕಲ್ಕತ್ತೆಯ ಬಿಷಪ್ ಆಗಿದ್ದವರು. ಇಡೀ ಭಾರತದ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪಂಥದ) ಸಭೆಗೆ ಆಗ ಅದೇ ಹಿರಿಯ ಹುದ್ದೆ. ಆ ಗಾದಿಯಲ್ಲಿ ಕೂತವರನ್ನು ಮೆಟ್ರೊಪಾಲಿಟನ್ ಎನ್ನುತ್ತಿದ್ದರು. ಈ ಹುದ್ದೆಯ ಸಂಬಳ ಯಾರ ದುಡ್ಡಿನಿಂದ ಬಂತು, ಅದು ನಮ್ಮವರ ಕೈಗೆ ಬರಲು ಎಷ್ಟು ವರ್ಷ ಹಿಡಿಯಿತು ಎಂಬ ಲೆಕ್ಕ ಇಲ್ಲಿದೆ.

ಒಂದೇ ಕಾಯ್ದೆ, ಎರಡು ಬಾಬತ್ತು

ಹುದ್ದೆ ಹುಟ್ಟಿದ್ದು ಬ್ರಿಟಿಷ್ ಸಂಸತ್ತಿನ 1813ರ ಚಾರ್ಟರ್ ಕಾಯ್ದೆಯಿಂದ. ಬಿಷಪ್ಪರಿಗೆ ವರ್ಷಕ್ಕೆ 5,000 ಪೌಂಡ್, ಅವರ ಕೈಕೆಳಗಿನ ಮೂವರು ಆರ್ಚ್‌ಡೀಕನ್‌ಗಳಿಗೆ ತಲಾ 2,000 ಪೌಂಡ್ ಎಂದು ಅದು ಗೊತ್ತುಮಾಡಿತು. ಒಟ್ಟು 11,000 ಪೌಂಡ್. ಬಂಗಾಳದ ಲೆಕ್ಕದ ರೂಪಾಯಿಗೆ 2 ಶಿಲ್ಲಿಂಗ್ ಎಂಬ ಕಾಯ್ದೆಯ ದರದಲ್ಲೇ ಹಿಡಿದರೆ 1,10,000 ರೂಪಾಯಿ. ಇದಷ್ಟೂ ಸಂದಾಯವಾಗಬೇಕಾದದ್ದು ಭಾರತದ ಪ್ರಾಂತ್ಯಗಳ ಹುಟ್ಟುವಳಿಯಿಂದ. ಆ ಹುಟ್ಟುವಳಿಯ ದೊಡ್ಡ ಪಾಲು ರೈತ ಕಟ್ಟುತ್ತಿದ್ದ ಭೂಕಂದಾಯ.

ಅದೇ ಕಾಯ್ದೆಯ 43ನೇ ಕಲಮು ಭಾರತೀಯರ ವಿದ್ಯೆಗೆಂದು ವರ್ಷಕ್ಕೆ ತೆಗೆದಿಟ್ಟದ್ದು 1 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಮೊತ್ತ. ಲೆಕ್ಕದ ರೂಪಾಯಿಗೆ ಚಲಾವಣೆಯ ಸಿಕ್ಕಾ ರೂಪಾಯಿಗಿಂತ ಬೆಲೆ ಸ್ವಲ್ಪ ಕಡಿಮೆ. ಆ ವ್ಯತ್ಯಾಸ ಕಳೆದರೂ ನಾಲ್ವರ ಸಂಬಳ ಮತ್ತು ಒಂದು ದೇಶದ ವಿದ್ಯೆ ಹೆಚ್ಚುಕಡಿಮೆ ಒಂದೇ ತೂಕಕ್ಕೆ ನಿಲ್ಲುತ್ತವೆ. ಷರತ್ತಿನಲ್ಲಿ ಮಾತ್ರ ದೊಡ್ಡ ಅಂತರ. ವಿದ್ಯೆಯ ಹಣ ಸೇನೆ, ಆಡಳಿತ, ಸಾಲದ ಬಡ್ಡಿ ಎಲ್ಲ ತೀರಿ ಉಳಿದದ್ದರಲ್ಲಿ ಬರಬೇಕು. ಬಿಷಪ್ಪರ ಸಂಬಳಕ್ಕೆ ಅಂಥ ಕಟ್ಟಿಲ್ಲ. 1823ರಲ್ಲಿ ಕಲ್ಕತ್ತೆಯಲ್ಲಿ ಸಾರ್ವಜನಿಕ ಶಿಕ್ಷಣ ಸಮಿತಿ ಬರುವ ತನಕ, ಸುಮಾರು ಹತ್ತು ವರ್ಷ, ವಿದ್ಯೆಯ ಲಕ್ಷಕ್ಕೆ ಸರಿಯಾದ ದಾರಿಯೇ ಆಗಲಿಲ್ಲ.

ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗೆ ಆಗ ತಿಂಗಳಿಗೆ 7 ರೂಪಾಯಿ. ಬಿಷಪ್ಪರ ಒಂದು ತಿಂಗಳ ಸಂಬಳದಲ್ಲಿ 500ಕ್ಕೂ ಹೆಚ್ಚು ಸಿಪಾಯಿಗಳ ಸಂಬಳ ಆಗುತ್ತಿತ್ತು. ಬ್ರಿಟನ್ನಿನಲ್ಲೇ ವೇಲ್ಸ್‌ನ ಲ್ಯಾಂಡಾಫ್ ಬಿಷಪ್ಪರ ಆದಾಯ 1830ರ ಹೊತ್ತಿಗೂ ವರ್ಷಕ್ಕೆ 1,000 ಪೌಂಡ್ ಮುಟ್ಟಿರಲಿಲ್ಲ.

18 ವರ್ಷ, ನಾಲ್ಕು ಸಾವು

ದೊಡ್ಡ ಸಂಬಳ ಆಯುಸ್ಸು ಕೊಡಲಿಲ್ಲ. ಕಲ್ಕತ್ತೆಗೆ ಬಂದ ತಿಂಗಳಿನಿಂದ ತೀರಿಕೊಂಡ ತಿಂಗಳಿನವರೆಗಿನ ಲೆಕ್ಕ ಹೀಗಿದೆ:

ಥಾಮಸ್ ಮಿಡಲ್ಟನ್: ನವೆಂಬರ್ 1814 – ಜುಲೈ 1822
ರೆಜಿನಾಲ್ಡ್ ಹೀಬರ್: ಅಕ್ಟೋಬರ್ 1823 – ಏಪ್ರಿಲ್ 1826
ಜಾನ್ ಜೇಮ್ಸ್: ಜನವರಿ 1828 – ಆಗಸ್ಟ್ 1828
ಜಾನ್ ಟರ್ನರ್: ಡಿಸೆಂಬರ್ 1829 – ಜುಲೈ 1831

ಐದನೆಯವರಾದ ಡೇನಿಯಲ್ ವಿಲ್ಸನ್ ಬಂದದ್ದು ನವೆಂಬರ್ 1832ರಲ್ಲಿ. ಈ 18 ವರ್ಷಗಳಲ್ಲಿ ಗಾದಿ ಸುಮಾರು 5 ವರ್ಷ 8 ತಿಂಗಳು ಬರಿದಾಗಿತ್ತು. ಹೀಬರ್ ತಿರುಚಿರಾಪಳ್ಳಿಯಲ್ಲಿ ತೀರಿಕೊಂಡಾಗ ಅವರಿಗೆ ವಯಸ್ಸು 42. ಬಿಸಿಲು, ಕಾಯಿಲೆಗಳ ಜೊತೆಗೆ ಸಭಾಪ್ರಾಂತದ, ಅಂದರೆ ಬಿಷಪ್ಪರ ಆಡಳಿತ ಪ್ರದೇಶದ, ಹರವೂ ಮನುಷ್ಯರನ್ನು ತಿಂದಿತು. ಭಾರತ, ಸಿಲೋನ್ ಸಾಲದೆಂಬಂತೆ 1824ರಲ್ಲಿ ಆಸ್ಟ್ರೇಲಿಯಾವೂ ಇದೇ ಬಿಷಪ್ಪರ ಪಾಲಿಗೆ ಬಂತು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಚರ್ಚನ್ನು 1816ರಲ್ಲಿ ಪ್ರತಿಷ್ಠಿಸಲು ಬಂದವರೂ ಕಲ್ಕತ್ತೆಯ ಬಿಷಪ್ಪರೇ.

ಈ ಹೊರೆ ಕಂಡೇ 1833ರ ಕಾಯ್ದೆ ಮದ್ರಾಸ್, ಬೊಂಬಾಯಿಗೆ ಬೇರೆ ಬಿಷಪ್ಪರನ್ನು ಕೊಟ್ಟಿತು. ತಲಾ 24,000 ಸಿಕ್ಕಾ ರೂಪಾಯಿ ಸಂಬಳ. ಬಿಷಪ್, ಆರ್ಚ್‌ಡೀಕನ್‌ಗಳ ಒಟ್ಟು ಖರ್ಚು ವರ್ಷಕ್ಕೆ 1,20,000 ಸಿಕ್ಕಾ ರೂಪಾಯಿ ದಾಟಬಾರದೆಂಬ ಮಿತಿಯೂ ಬಂತು. 1835ರಲ್ಲಿ ಮದ್ರಾಸ್, 1837ರಲ್ಲಿ ಬೊಂಬಾಯಿ ಸಭಾಪ್ರಾಂತಗಳಾದವು. ಕಲ್ಕತ್ತೆಯ ಬಿಷಪ್ ಮೆಟ್ರೊಪಾಲಿಟನ್ ಆದರು. ವಿಲ್ಸನ್ ಆ ಗಾದಿಯಲ್ಲಿ 25 ವರ್ಷ ಬಾಳಿದರು. 1833ರಲ್ಲೇ ಸಭೆಯೊಳಗೆ ಜಾತಿಭೇದ ಕೂಡದೆಂದು ಸುತ್ತೋಲೆ ಕಳಿಸಿದ ಅವರು, 1839ರಲ್ಲಿ ಅಡಿಗಲ್ಲು ಬಿದ್ದ ಕಲ್ಕತ್ತೆಯ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ಲನ್ನು 8 ವರ್ಷದಲ್ಲಿ ಮುಗಿಸಿದರು. ಅವರ ನಂತರ ಬಂದವರೇ ಕಾಟನ್. 1866ರಲ್ಲಿ ಕುಷ್ಟಿಯಾ ಬಳಿ ನದಿಪಾಲಾದರು.

98 ಮತ್ತು 136

ನನ್ನನ್ನು ಹೆಚ್ಚು ಕಾಡುವ ಅಂಕಿಗಳು ಹಣದವಲ್ಲ. ಮಿಡಲ್ಟನ್ ಭಾರತೀಯರಿಗೆ ಗುರುದೀಕ್ಷೆ ಕೊಡಲು ತಮಗೆ ಅಧಿಕಾರವಿಲ್ಲವೆಂದು ಹಿಂಜರಿದರು. 1824ರಲ್ಲಿ ಹೀಬರ್ ತಮಿಳರಾದ ಕ್ರಿಶ್ಚಿಯನ್ ಡೇವಿಡ್ ಅವರಿಗೆ ದೀಕ್ಷೆ ಕೊಟ್ಟರು. ಆದರೆ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್, ದೋರ್ನಕಲ್‌ನ ವಿ. ಎಸ್. ಅಜರಯ್ಯ, ಅಭಿಷಿಕ್ತರಾದದ್ದು 1912ರ ಡಿಸೆಂಬರ್ 29ರಂದು. ಮೊದಲ ಬಿಷಪ್ ಬಂದು ಆಗ 98 ವರ್ಷ. ಕಲ್ಕತ್ತೆಯ ಗಾದಿಗೇ ಭಾರತೀಯರೊಬ್ಬರು, ಅರವಿಂದನಾಥ ಮುಖರ್ಜಿ, ಏರಿದ್ದು 1950ರಲ್ಲಿ. 136 ವರ್ಷದ ಮೇಲೆ.

ನಡುವೆ 1930ರಲ್ಲಿ ಇಲ್ಲಿನ ಸಭೆ ಇಂಗ್ಲೆಂಡಿನ ಸಭೆಯ ಕಾನೂನಿನ ಕಟ್ಟಿನಿಂದ ಬಿಡಿಸಿಕೊಂಡಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣದ ಆಂಗ್ಲಿಕನ್ನರು ಇತರ ಸಭೆಗಳೊಡನೆ ಸೇರಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕಟ್ಟಿದರು. ಉತ್ತರದವರು 1970ರಲ್ಲಿ ಸಿಎನ್‌ಐ (ಉತ್ತರ ಭಾರತ ಸಭೆ) ಸೇರಿದರು.

ಇಂದು ಕರ್ನಾಟಕದಲ್ಲಿ ಸಿಎಸ್‌ಐ ಸಭಾಪ್ರಾಂತಗಳು 3: ಮಧ್ಯ, ಉತ್ತರ, ದಕ್ಷಿಣ. ಬಿಷಪ್ಪರ ಆಯ್ಕೆ ಸಭೆಯ ಪ್ರತಿನಿಧಿಗಳು ಮತ ಹಾಕಿ ಕಳಿಸಿದ ಹೆಸರುಗಳಿಂದ. ಕಂದಾಯದ ಹಣದಲ್ಲಿ ನಿಂತ ಗಾದಿ ಜನರ ಕೈಗೆ ಬರಲು ಶತಮಾನ ದಾಟಿತು. ಜನರೇ ಹೊತ್ತ ಸಭೆ ತನ್ನ ಹಿರಿಯರನ್ನು ತಾನೇ ಆರಿಸಿಕೊಳ್ಳುತ್ತಿದೆ.