ಕೈಗೆಟಕುವ ಟ್ಯಾಬ್ಲೆಟ್: ಕೊಳ್ಳುವ ಮುನ್ನ ನಾಲ್ಕು ಮಾತು

‘ಟ್ಯಾಬ್ಲೆಟ್’ ಎಂದೊಡನೆ ತಲೆನೋವಿಗೆ ನುಂಗುವ ಮಾತ್ರೆ ನೆನಪಾಗುತ್ತಿದ್ದ ಕಾಲ ಹೋಯಿತು. ಈಗ ಆ ಹೆಸರಿನಲ್ಲಿ ಮಕ್ಕಳ ಸ್ಲೇಟಿನಂಥ ಯಂತ್ರವೊಂದು ಮನೆಮನೆಗೆ ಬರುತ್ತಿದೆ. ಅದನ್ನು ಆರಿಸಿ ಕೊಳ್ಳುವುದೇ ತಲೆನೋವಾಗಿ ಹಳೆಯ ಮಾತ್ರೆಯೇ ಬೇಕಾಗುವುದೂ ಉಂಟು! ಅಂಗಡಿಯ ಹುಡುಗ “ರ‍್ಯಾಮ್ ಇಷ್ಟು, ಕ್ಯಾಮೆರಾ ಅಷ್ಟು” ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾನೆ, ನಾವು ಹೂಂಗುಟ್ಟುತ್ತಾ ನಿಲ್ಲುತ್ತೇವೆ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿಸಿ, ಅಂಚು ತಿರುವಿ, ಬಣ್ಣ ಬಿಡುತ್ತದೆಯೇ ಎಂದು ಹತ್ತು ಸಲ ಕೇಳುವ ನಾವು, ಹತ್ತು–ಹನ್ನೆರಡು ಸಾವಿರ ರೂಪಾಯಿಯ ಈ ವಸ್ತುವಿನ ಮುಂದೆ ಮಾತ್ರ ಏಕೆ ಮೂಕರಾಗಬೇಕು?

“ಅಯ್ಯೋ, ಕೈಯಲ್ಲಿ ಮೊಬೈಲ್ ಇದೆಯಲ್ಲ, ಇದೂ ಬೇರೆ ಯಾಕೆ?” ಎನ್ನುವಿರಾ? ಸರಿಯಾದ ಪ್ರಶ್ನೆಯೇ. ಹತ್ತು ನಿಮಿಷ ಹಾಡು ಕೇಳಿ, ಒಂದು ಅಡುಗೆ ನೋಡಿ ಮುಗಿಸುವವರಿಗೆ ಮೊಬೈಲೇ ಸಾಕು, ಹಣ ಉಳಿಸಿಕೊಳ್ಳಿ. ಆದರೆ ಓದುವ ಅಭ್ಯಾಸವಿದ್ದವರ ಮಾತು ಬೇರೆ. ಬಾಡಿಗೆಗೆ ಕಾದಂಬರಿ ತಂದು, ಅಡುಗೆ ಮುಗಿಸಿ, ಮಧ್ಯಾಹ್ನ ಗೋಡೆಗೊರಗಿ ಓದುತ್ತಿದ್ದ ಸುಖ ನಮ್ಮಲ್ಲಿ ಎಷ್ಟು ಜನಕ್ಕೆ ಈಗ ಉಳಿದಿದೆ? ಊರಿನ ಸರ್ಕ್ಯುಲೇಟಿಂಗ್ ಲೈಬ್ರರಿ ಹಲವೆಡೆ ಬಾಗಿಲು ಹಾಕಿದೆ. ನಲವತ್ತು ದಾಟಿದ ಮೇಲೆ ಚಾಳೀಸು ಬಂದು, ಮೊಬೈಲಿನ ಸಣ್ಣ ಅಕ್ಷರ ಇರುವೆ ಸಾಲಿನಂತೆ ಕಾಣುತ್ತದೆ. ಹೀಗೆ ಬಿಟ್ಟುಹೋದ ಓದನ್ನು ಮತ್ತೆ ಹಿಡಿಯಬೇಕೆಂದಿದ್ದರೆ, ಈ ಸ್ಲೇಟು ನಿಜಕ್ಕೂ ಉಪಕಾರಿ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು.

ಮೊದಲು ಮನೆಯಲ್ಲೇ ಹುಡುಕಿ

2020ರಲ್ಲಿ ಶಾಲೆಗಳು ಮುಚ್ಚಿ ಮನೆಯಲ್ಲೇ ಪಾಠ ಶುರುವಾದಾಗ ಎಷ್ಟೋ ಮನೆಗಳು ಮಕ್ಕಳಿಗೆಂದು ಟ್ಯಾಬ್ಲೆಟ್ ಕೊಂಡವು. ಈಗ ಅವು ಬೀರುವಿನಲ್ಲಿ ಬಟ್ಟೆಯ ಕೆಳಗೆ ಮಲಗಿರಬಹುದು. ಹೊರಗೆ ತೆಗೆದು ಚಾರ್ಜ್ ಮಾಡಿ ನೋಡಿ. ಬೇಡದ ಆಟಗಳನ್ನೂ ಫೋಟೋಗಳನ್ನೂ ಅಳಿಸಿದರೆ ಓದಲು, ಹಾಡು ಕೇಳಲು ಅದೇ ಸಾಕಾದೀತು. ಒಂದು ಎಚ್ಚರಿಕೆ: ಹಳೆಯದಕ್ಕೆ ಕಂಪನಿಯವರು ಸುರಕ್ಷತೆಯ ಪರಿಷ್ಕರಣೆ ಕಳಿಸುವುದನ್ನು ನಿಲ್ಲಿಸಿರುತ್ತಾರೆ. ಆದ್ದರಿಂದ ಬ್ಯಾಂಕಿನ ವ್ಯವಹಾರ ಅದರಲ್ಲಿ ಬೇಡವೇ ಬೇಡ. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿದ್ದರೆ ಚಾರ್ಜಿಗೆ ಹಾಕಲೇಬಾರದು.

ಅಗ್ಗವೆಂದು ಹೋಗಿ…

ಬರೀ ಬೆಲೆ ನೋಡಿ ಕೊಂಡರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಎಂಬ ಅತಿ ಅಗ್ಗದ ಟ್ಯಾಬ್ಲೆಟ್ ಬಿಡುಗಡೆ ಮಾಡಿತು. 7 ಅಂಗುಲದ ಪರದೆ, ಕೇವಲ 256 ಎಂ.ಬಿ. ರ‍್ಯಾಮ್. ಉದ್ದೇಶ ಒಳ್ಳೆಯದೇ. ಆದರೆ ಪರದೆಯನ್ನು ಒತ್ತಿ ಒತ್ತಿ ಬಳಸಬೇಕು, ಯಂತ್ರ ನಿಧಾನ, ಬ್ಯಾಟರಿ ಬೇಗ ಮುಗಿಯುತ್ತದೆ ಎಂದು ದೂರುಗಳು ಬಂದವು. ಬಳಸಲಾಗದ ವಸ್ತು ಎಷ್ಟು ಅಗ್ಗವಾದರೂ ದುಬಾರಿಯೇ. ಈಗಲೂ ಮೂರು–ನಾಲ್ಕು ಸಾವಿರಕ್ಕೆ ಕೇಳದ ಹೆಸರಿನ ಟ್ಯಾಬ್ಲೆಟ್‌ಗಳು ಸಿಗುತ್ತವೆ. ಆ ಹಣಕ್ಕೆ ಒಂದು ಒಳ್ಳೆಯ ಮಿಕ್ಸಿ ಕೊಳ್ಳುವುದು ವಾಸಿ!

ಹಾಗೆಂದು ಮೂವತ್ತು–ನಲವತ್ತು ಸಾವಿರ ಸುರಿಯಬೇಕಾಗಿಯೂ ಇಲ್ಲ. ಓದು, ಸಿನಿಮಾ, ಹಾಡು, ಅಡುಗೆ ಇಷ್ಟೇ ಬೇಕೆಂದರೆ 10,000ದಿಂದ 15,000 ರೂಪಾಯಿಯೊಳಗೆ ಹೆಸರಾದ ಕಂಪನಿಯದ್ದೇ ಸಿಗುತ್ತದೆ. ಆ ಹಣಕ್ಕೆ ಏನು ಕೇಳಬೇಕು ಎಂಬುದು ನಮಗೆ ಗೊತ್ತಿರಬೇಕು, ಅಷ್ಟೆ.

ಪರದೆಯೇ ಮುಖ್ಯ

ಅಂಗಡಿಯವರು ಕ್ಯಾಮೆರಾ ಹೊಗಳಿದರೆ ನಕ್ಕು ಸುಮ್ಮನಿರಿ. ಫೋಟೋ ತೆಗೆಯಲು ಮೊಬೈಲ್ ಇದೆ. ನೀವು ನೋಡಬೇಕಾದ್ದು ಪರದೆ. ಅದರ ಅಳತೆಯನ್ನು ಮೂಲೆಯಿಂದ ಮೂಲೆಗೆ ಅಂಗುಲದಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ಎರಡು ಬಗೆ. ಒಂದು, ಸುಮಾರು 8 ಅಂಗುಲದ್ದು. ತೂಕ 300 ಗ್ರಾಂ ಚಿಲ್ಲರೆ. ಒಂದೇ ಕೈಯಲ್ಲಿ ಹಿಡಿದು, ಮಲಗಿ ಓದಲು ಹಿತ. ಇನ್ನೊಂದು, 10–11 ಅಂಗುಲದ್ದು. ತೂಕ ಸುಮಾರು ಅರ್ಧ ಕಿಲೋ. ಕೈ ಬೇಗ ಸೋಲುತ್ತದೆ, ಆನಿಸಿಡಲು ಸ್ಟ್ಯಾಂಡ್ ಬೇಕು.

ಯಾವುದು ಒಳ್ಳೆಯದು? ನೀವು ಓದುವುದು ಏನೆಂಬುದರ ಮೇಲೆ ಅದು ನಿಂತಿದೆ. ಇ-ಪುಸ್ತಕವೆಂದು ತಯಾರಾದ ಕಾದಂಬರಿಯಲ್ಲಿ ಅಕ್ಷರ ಹಿಗ್ಗಿಸಿದರೆ ಸಾಲುಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಅದಕ್ಕೆ 8 ಅಂಗುಲ ಸಾಕು. ಆದರೆ ಹಳೆಯ ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವು ಪುಟಪುಟವನ್ನೂ ಫೋಟೋ ತೆಗೆದು ಇಟ್ಟಂಥವು. ಅವುಗಳಲ್ಲಿ ಅಕ್ಷರ ದೊಡ್ಡದು ಮಾಡಿದರೆ ಪುಟದ ಅಂಚು ಹೊರಗೆ ಓಡುತ್ತದೆ. ಪ್ರತಿ ಸಾಲಿಗೂ ಅತ್ತಿತ್ತ ಎಳೆಯುತ್ತಾ ಓದುವುದು ಬೇಸರದ ಕೆಲಸ. ಅಂಥ ಪುಸ್ತಕ, ವಾರಪತ್ರಿಕೆ, ಮನೆಮಂದಿಯೆಲ್ಲ ಕುಳಿತು ನೋಡುವ ಸಿನಿಮಾ ಇವಕ್ಕೆ 10–11 ಅಂಗುಲದ್ದೇ ಸರಿ.

ಅಳತೆಯಷ್ಟೇ ಮುಖ್ಯವಾದದ್ದು ಪರದೆಯ ಚುಕ್ಕಿಗಳು. ಡಬ್ಬಿಯ ಮೇಲೆ 1280×800 ಎಂದೋ 1920×1200 ಎಂದೋ ಬರೆದಿರುತ್ತದೆ. ರಂಗೋಲಿಗೆ ಚುಕ್ಕಿ ಒತ್ತಾಗಿಟ್ಟಷ್ಟೂ ಗೆರೆ ನಯವಾಗುವಂತೆಯೇ ಇದು. 10 ಅಂಗುಲದ ಪರದೆಗೆ 1280×800 ಇದ್ದರೆ ಅಂಗುಲಕ್ಕೆ ಸುಮಾರು 150 ಚುಕ್ಕಿ. 11 ಅಂಗುಲಕ್ಕೆ 1920×1200 ಇದ್ದರೆ 200ಕ್ಕೂ ಹೆಚ್ಚು. ಇಂಗ್ಲಿಷ್ ಅಕ್ಷರ ಕಡಿಮೆ ಚುಕ್ಕಿಯಲ್ಲೂ ಹೇಗೋ ನಡೆದುಹೋಗುತ್ತದೆ. ನಮ್ಮ ಒತ್ತಕ್ಷರ, ಗುಣಿತದ ಸುಳಿಗಳು ಮಸುಕಾಗಿಬಿಡುತ್ತವೆ. ದೊಡ್ಡ ಪರದೆ ಕೊಳ್ಳುವುದಾದರೆ 1920×1200ಕ್ಕಿಂತ ಕಡಿಮೆಗೆ ಒಪ್ಪಬೇಡಿ. 8 ಅಂಗುಲಕ್ಕೆ 1280×800 ಸಾಕು.

ಒಳಗೆ ಏನಿರಬೇಕು?

ರ‍್ಯಾಮ್ ಎಂದರೆ ಅಡುಗೆಮನೆಯ ಕಟ್ಟೆ ಇದ್ದಂತೆ. ಕಟ್ಟೆ ಅಗಲವಾದಷ್ಟೂ ನಾಲ್ಕು ಕೆಲಸ ಒಟ್ಟಿಗೆ ಸಾಗುತ್ತದೆ. 4 ಜಿ.ಬಿ. ಇರಲಿ. ಸ್ಟೋರೇಜ್ ಎಂದರೆ ಉಗ್ರಾಣ. 64 ಜಿ.ಬಿ. ಇರಲಿ. ಅದರಲ್ಲಿ ಹತ್ತಕ್ಕೂ ಹೆಚ್ಚು ಜಿ.ಬಿ. ಯಂತ್ರದ ಸ್ವಂತ ಖರ್ಚಿಗೇ ಹೋಗುತ್ತದೆ. ಮೆಮರಿ ಕಾರ್ಡ್ ಹಾಕುವ ಕಿಂಡಿ ಇದ್ದರೆ ಮುಂದೆ ಉಗ್ರಾಣ ದೊಡ್ಡದು ಮಾಡಿಕೊಳ್ಳಬಹುದು. ಬ್ಯಾಟರಿ ಚಿಕ್ಕದಕ್ಕೆ 5,000 ಎಂ.ಎ.ಎಚ್., ದೊಡ್ಡದಕ್ಕೆ 7,000 ಇರಲಿ. ಸಿನಿಮಾ ನೋಡುವವರು ‘ವೈಡ್‌ವೈನ್ ಎಲ್1’ ಇದೆಯೇ ಎಂದು ಕೇಳಿ. ಅದಿಲ್ಲದಿದ್ದರೆ ಪರದೆ ಎಷ್ಟೇ ಒಳ್ಳೆಯದಿದ್ದರೂ ಕೆಲವು ಚಂದಾ ಆ್ಯಪ್‌ಗಳಲ್ಲಿ ಚಿತ್ರ ಮಸುಕಾಗಿಯೇ ಬರುತ್ತದೆ.

ಇನ್ನು ಸಿಮ್. ಸಿಮ್ ಹಾಕುವ ಮಾದರಿಗೆ ಎರಡು–ಮೂರು ಸಾವಿರ ಹೆಚ್ಚು ಕೊಡಬೇಕು, ಮೇಲೆ ರೀಚಾರ್ಜ್ ಬೇರೆ. ಮನೆಯಲ್ಲೇ ಬಳಸುವವರಿಗೆ ವೈ-ಫೈ ಮಾದರಿ ಸಾಕು. ಮೊಬೈಲಿನಲ್ಲಿ ಹಾಟ್‌ಸ್ಪಾಟ್ ಹಾಕಿದರೆ ಅದರ ಇಂಟರ್‌ನೆಟ್ಟೇ ಟ್ಯಾಬ್ಲೆಟ್‌ಗೂ ಬರುತ್ತದೆ. ಒಂದು ಗಂಟೆ ಸಾಧಾರಣ ಸಿನಿಮಾಕ್ಕೆ ಸುಮಾರು 1 ಜಿ.ಬಿ. ಖರ್ಚಾದರೆ, ಒಂದು ಕಾದಂಬರಿಗೆ ಕೆಲವೇ ಎಂ.ಬಿ. ಸಾಕು. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಓದಬಹುದು. ಓದು ಎಂದೆಂದಿಗೂ ಅಗ್ಗ!

ಅಂಗಡಿಯಲ್ಲಿ ನೀವೇ ಪರೀಕ್ಷೆ ಮಾಡಿ

1. ನಿಮ್ಮ ಕನ್ನಡಕ ಮರೆಯದೆ ಒಯ್ಯಿರಿ. ಒಂದು ಕನ್ನಡ ಪುಟ ತೆರೆಸಿ, ‘ಸ್ತ್ರೀ’, ‘ರಾಷ್ಟ್ರ’, ‘ಜ್ಯೋತ್ಸ್ನಾ’ ಎಂಬಂಥ ಪದಗಳು ಸ್ಪಷ್ಟವಾಗಿವೆಯೇ ನೋಡಿ.

2. ಐದು ನಿಮಿಷ ಕೈಯಲ್ಲೇ ಹಿಡಿದು ನಿಲ್ಲಿ. ಮಣಿಕಟ್ಟು ನೊಂದರೆ ನಿಮಗದು ಭಾರ.

3. ಒಂದು ಹಾಡು ಹಾಕಿಸಿ. ಒಗ್ಗರಣೆಯ ಸದ್ದಿನಲ್ಲೂ ಕೇಳುವಷ್ಟು ದನಿ ಇದೆಯೇ?

4. ಡಬ್ಬಿಯ ಮೇಲೆ ಬಿ.ಐ.ಎಸ್. ಗುರುತೂ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ‘ಬಿ.ಐ.ಎಸ್. ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.

5. ರಿಪೇರಿ ಎಲ್ಲಿ ಮಾಡುತ್ತಾರೆಂದು ಕೇಳಿ. ತಿಪಟೂರಿನವರು ಪ್ರತಿ ಸಲವೂ ಬೆಂಗಳೂರಿಗೆ ಬಸ್ಸು ಹತ್ತಬೇಕೆಂದರೆ ಉಳಿಸಿದ ಹಣ ಟಿಕೆಟ್ಟಿಗೇ ಹೋಯಿತು.

ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಲು ಆ ಚೀಟಿಯೇ ಆಧಾರ. ‘ಬಡ್ಡಿಯಿಲ್ಲದ ಕಂತು’ ಎಂದಾಗಲೂ ಎರಡು ಬಾರಿ ಯೋಚಿಸಿ. ಸೊನ್ನೆ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಒಟ್ಟು ಹಣ ಒಮ್ಮೆಗೇ ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ, ಕಂತಿಗೆ ಸೇವಾ ಶುಲ್ಕ ಎಷ್ಟು ಎಂದು ಕೇಳಿ ನೋಡಿ, ಲೆಕ್ಕ ತಾನೇ ಹೊರಬೀಳುತ್ತದೆ. ಚೀಟಿ ಎತ್ತುವವರೆಗೆ ಕಾದರೂ ನಷ್ಟವೇನಿಲ್ಲ.

ತಂದಾಯಿತು, ಓದುವುದೇನು?

ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರದ ಗಾತ್ರ ಹೆಚ್ಚಿಸಿ. ಟೈಪು ಮಾಡಲು ಬಾರದೆ? ಚಿಂತೆಯಿಲ್ಲ. 2017ರಿಂದ ಗೂಗಲ್‌ನಲ್ಲಿ ಕನ್ನಡದಲ್ಲೇ ಮಾತನಾಡಿ ಹುಡುಕಬಹುದು.

ದುಡ್ಡಿಲ್ಲದೆ ಓದಲು ಬೇಕಾದಷ್ಟಿದೆ. ಕನ್ನಡ ವಿಕಿಸೋರ್ಸ್‌ನಲ್ಲಿ ವಚನ, ಹಳೆಯ ಕೃತಿಗಳುಂಟು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಗ್ರಂಥಾಲಯಗಳ ಹಳೆಯ ಕನ್ನಡ ಪುಸ್ತಕಗಳ ರಾಶಿಯೇ ಇದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದವರು 2016ರಲ್ಲಿ ಶುರುಮಾಡಿದ ‘ಭಾರತವಾಣಿ’ಯಲ್ಲಿ ನಿಘಂಟುಗಳು ದೊರೆಯುತ್ತವೆ. ಮೊಮ್ಮಕ್ಕಳಿಗೆ ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ನಲ್ಲಿ ಬಣ್ಣದ ಕನ್ನಡ ಕತೆಗಳಿವೆ. ಹೊಸ ಕಾದಂಬರಿಗೆ ‘ಮೈಲ್ಯಾಂಗ್’ ಆ್ಯಪ್‌ನಲ್ಲಿ ಹಣ ಕೊಟ್ಟು ಇ-ಪುಸ್ತಕವನ್ನೂ ಕೇಳುವ ಪುಸ್ತಕವನ್ನೂ ಕೊಳ್ಳಬಹುದು. ಆಕಾಶವಾಣಿಯ ಕನ್ನಡ ಕೇಂದ್ರಗಳನ್ನು ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಕೇಳುತ್ತಾ ರೊಟ್ಟಿ ತಟ್ಟಬಹುದು.

ವಾಟ್ಸ್ಆ್ಯಪ್‌ನಲ್ಲಿ ಬರುವ ಕಾದಂಬರಿಯ ಕಳ್ಳಪ್ರತಿಗಳಿಂದ ಮಾತ್ರ ದೂರವಿರಿ. ಬರೆದವರ ಅನ್ನಕ್ಕೆ ಕೈಹಾಕಿದಂತಾಗುತ್ತದೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ 60 ವರ್ಷದ ನಂತರವೇ ಕೃತಿ ಎಲ್ಲರ ಸ್ವತ್ತಾಗುವುದು. ನಮ್ಮ ಪ್ರೀತಿಯ ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರಿಂದ ಎಲ್ಲರಿಗೂ ಮುಕ್ತ.

ಕಣ್ಣು, ಎಣ್ಣೆಕೈ, ಎಚ್ಚರ

ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ, ಇಪ್ಪತ್ತು ಅಡಿ ದೂರದ ಮರವನ್ನೋ ಗೋಪುರವನ್ನೋ ಇಪ್ಪತ್ತು ಸೆಕೆಂಡು ನೋಡಿ. ಕತ್ತಲಲ್ಲಿ ಓದಬೇಡಿ. ಒಲೆಯಿಂದ ಎರಡು ಮಾರು ದೂರ, ಸ್ಟ್ಯಾಂಡಿನ ಮೇಲಿಡಿ. ಒದ್ದೆ ಕೈಗೆ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ, ಎಣ್ಣೆ ಬಿದ್ದರೆ ಮಸುಕಾಗುತ್ತದೆ. ಮೆತ್ತನೆಯ ಒಣಬಟ್ಟೆಯಲ್ಲಿ ಒರೆಸಿ. ಮಕ್ಕಳೂ ಮುಟ್ಟುವ ಯಂತ್ರದಲ್ಲಿ ಹಣದ ಆ್ಯಪ್ ಹಾಕಬೇಡಿ. ‘ಕರೆಂಟ್ ಬಿಲ್ ಬಾಕಿ, ಈ ಆ್ಯಪ್ ಇಳಿಸಿಕೊಳ್ಳಿ’ ಎಂಬ ಸಂದೇಶ ಬಂದರೆ ಮುಟ್ಟಲೇಬೇಡಿ. ಅಕಸ್ಮಾತ್ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಕೊನೆಯದಾಗಿ ಒಂದು ಮಾತು. ಮನೆಗೆ ಬಂದ ಟ್ಯಾಬ್ಲೆಟ್ ಎರಡೇ ದಿನದಲ್ಲಿ ಮಗನ ಕ್ರಿಕೆಟ್ಟಿಗೂ ಮೊಮ್ಮಗಳ ಗೊಂಬೆಯಾಟಕ್ಕೂ ಹೋಗಿಬಿಡುವುದು ಎಲ್ಲ ಮನೆಯ ಕತೆ. ಒಳ್ಳೆಯ ಹೋಳು ಎಲ್ಲರಿಗೂ ಬಡಿಸಿ ತಳದ ಸಾರು ತಾನು ಉಣ್ಣುವುದು ನಮಗೆ ರೂಢಿಯಾಗಿಬಿಟ್ಟಿದೆ. ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟು ಕೊಂಡ ವಸ್ತುವಿನಲ್ಲಾದರೂ ಹಾಗಾಗದಿರಲಿ. “ಮಧ್ಯಾಹ್ನ ಎರಡರಿಂದ ಮೂರು ಗಂಟೆ, ಇದು ನನ್ನದು” ಎಂದು ಮೊದಲ ದಿನವೇ ಹೇಳಿಬಿಡಿ. ಯಾರೂ ಬೇಸರಪಡುವುದಿಲ್ಲ. ಪಟ್ಟರೂ ಒಂದು ಅಧ್ಯಾಯ ಮುಗಿಯುವಷ್ಟರಲ್ಲಿ ಸರಿಹೋಗುತ್ತಾರೆ!