ಬಣ್ಣ ಕಾಣದ ದಂಡು

ಮೇಜಿನ ಮೇಲೆ ಯುದ್ಧದಾಟ ಆಡುವ ಹವ್ಯಾಸಿಗಳ ಲೋಕದಲ್ಲಿ ‘ನಾಚಿಕೆಯ ರಾಶಿ’ ಎಂಬ ಮಾತೊಂದು ಚಾಲ್ತಿಯಲ್ಲಿದೆ. ಕೊಂಡು ತಂದ ಮೇಲೂ ಪೆಟ್ಟಿಗೆಯಲ್ಲಿಯೇ ಉಳಿದು ಬಣ್ಣವನ್ನೇ ಕಾಣದ ಪುಟಾಣಿ ಸೈನಿಕರ ಗುಡ್ಡೆಗೆ ಈ ಹೆಸರು. ಒಂದಂಗುಲದ ಆಸುಪಾಸಿನ ಈ ಗೊಂಬೆಗಳು ಸಾಮಾನ್ಯವಾಗಿ ಬೋಳಾಗಿಯೇ ಮಾರಾಟವಾಗುತ್ತವೆ. ಅಂಗಿ, ಮುಖ, ಬಂದೂಕುಗಳಿಗೆ ಬಣ್ಣ ಹಚ್ಚುವ ಹೊಣೆ ಕೊಂಡವರದು. ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಆಟಿಕೆ ಸೈನಿಕರ ಕದನಕ್ಕೆ ನಿಯಮಗಳನ್ನು ರೂಪಿಸಿದರು. ಲಂಡನ್ನಿನಲ್ಲಿ 1975ರಲ್ಲಿ ಆರಂಭವಾದ ಗೇಮ್ಸ್ ವರ್ಕ್‌ಶಾಪ್ ಕಂಪನಿಯು 1983ರಲ್ಲಿ ‘ವಾರ್‌ಹ್ಯಾಮರ್’ ಆಟವನ್ನು ತಂದ ಮೇಲೆ ಇದು ದೊಡ್ಡ ವಹಿವಾಟೇ ಆಯಿತು. ಚತುರಂಗ ಬಲವನ್ನು ಮಣೆಯ ಮೇಲೆ ಇಳಿಸಿದ, ದಸರೆಗೆ ಗೊಂಬೆ ಕೂರಿಸುವ ನಾಡಿನವರಿಗೆ ಇದು ತೀರ ಅಪರಿಚಿತ ಹುಚ್ಚೇನೂ ಅಲ್ಲ.

ಬಳ್ಳಾರಿಯ ನನ್ನ ಮನೆಯ ಅಟ್ಟದ ಟ್ರಂಕಿನಲ್ಲಿಯೂ ಇಪ್ಪತ್ತೆರಡು ವರ್ಷಗಳಿಂದ ಅಂಥದೊಂದು ರಾಶಿ ಬೆಳೆದಿದೆ. ನಾನೂರಕ್ಕೂ ಹೆಚ್ಚು ಪ್ಲಾಸ್ಟಿಕ್ ಕಾಲಾಳುಗಳು, ಬಹುಪಾಲು ವಾಟರ್‌ಲೂ ಕದನದ ಬ್ರಿಟಿಷರು ಮತ್ತು ಫ್ರೆಂಚರು. ಕೂಡಿಡುವ ಸುಖವೇ ಬೇರೆ, ಬಣ್ಣ ಹಚ್ಚುವ ಕೆಲಸವೇ ಬೇರೆ. ಕೊಳ್ಳುವಾಗ ಕಣ್ಣೆದುರು ನಿಲ್ಲುವುದು ಸಾಲುಗಟ್ಟಿದ ಇಡೀ ಸೈನ್ಯ. ಕುಂಚ ಹಿಡಿದಾಗ ಎದುರಾಗುವುದು ಒಬ್ಬನೇ ಸೈನಿಕನ ಎಡ ಮೊಣಕೈ. ಹೀಗಾಗಿ ಆರಂಭವನ್ನು ಮುಂದೂಡಲು ಗೌರವಯುತವಾದ ಕಾರಣಗಳು ಬೇಕಾಗುತ್ತವೆ. ಅವುಗಳಲ್ಲಿ ಅತ್ಯಂತ ಗೌರವಯುತವಾದುದು ಸಂಶೋಧನೆ. ಯಾವ ರೆಜಿಮೆಂಟಿನ ಕೊರಳಪಟ್ಟಿಗೆ ಯಾವ ಬಣ್ಣವೆಂದು ಓದುತ್ತ ಕುಳಿತರೆ ಒಂದು ದಶಕ ಸಲೀಸಾಗಿ ಕಳೆಯುತ್ತದೆ. ಉಳಿದುದನ್ನು ಬಳ್ಳಾರಿಯ ಹವೆ ನೋಡಿಕೊಳ್ಳುತ್ತದೆ: ಬೇಸಿಗೆಯಲ್ಲಿ ಬಣ್ಣ ತಟ್ಟೆಯಲ್ಲಿಯೇ ಒಣಗುತ್ತದೆ, ಗಾಳಿಯ ಕಾಲದಲ್ಲಿ ಧೂಳು ಮೆತ್ತುತ್ತದೆ.

ಆದರೆ ವಯಸ್ಸು ಇಂಥ ಕಾರಣಗಳನ್ನು ಕೇಳುವುದಿಲ್ಲ. ನಮ್ಮ ತಂದೆಯವರಿಗೆ ಅರವತ್ತರ ಹೊತ್ತಿಗೆ ಕೈನಡುಕ ಆರಂಭವಾಗಿತ್ತು. ಪಿಂಚಣಿಯ ಕಾಗದಕ್ಕೆ ಸಹಿ ಹಾಕುವಾಗ ಎಡಗೈಯಿಂದ ಬಲಗೈಯನ್ನು ಹಿಡಿದುಕೊಳ್ಳುತ್ತಿದ್ದರು. ನನಗೀಗ ಐವತ್ತೇಳು. ಚಾಳೀಸು ಬಂದು ವರ್ಷಗಳಾದವು. ಈಚೆಗೆ ಎಡಗಣ್ಣಿನಲ್ಲಿ ಪೊರೆಯೂ ಮೂಡುತ್ತಿದೆ. ಪೊರೆಯನ್ನು ತೆಗೆಸಬಹುದು. ಕೈಯ ವಿಷಯ ಹಾಗಲ್ಲ.

ಈ ಲೆಕ್ಕಾಚಾರ ತಲೆಯಲ್ಲಿದ್ದಾಗಲೇ ಊರಿನ ಪಕ್ಕದ ಸಂಗನಕಲ್ಲಿನ ಬೆಟ್ಟಗಳು ನನಗೆ ಬೇರೆಯಾಗಿ ಕಂಡವು. ನವಶಿಲಾಯುಗದ ಜನ ಮೂರು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದರು. ಬಿ. ಸುಬ್ಬರಾವ್ 1948ರಲ್ಲಿ ಪ್ರಕಟಿಸಿದ ಬಳ್ಳಾರಿಯ ಶಿಲಾಯುಗದ ಕುರಿತ ಗ್ರಂಥದಿಂದ ಮೊದಲ್ಗೊಂಡು, 1964-65ರಲ್ಲಿ ಝಡ್.ಡಿ. ಅನ್ಸಾರಿ ಹಾಗೂ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನ, ಆನಂತರ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಮಾಡಿದ ಅಧ್ಯಯನಗಳವರೆಗೆ ಈ ನೆಲ ಹಲವು ಬಾರಿ ಶೋಧಕ್ಕೆ ಒಳಗಾಗಿದೆ. ಗ್ರಾನೈಟ್ ಗುಡ್ಡವನ್ನು ಸೀಳಿ ಹಾಯುವ ಡಾಲರೈಟ್ ಎಂಬ ಕರಿಗಲ್ಲಿನ ಪಟ್ಟೆಯಿಂದ ತುಂಡು ತೆಗೆಯುವುದು, ಚಕ್ಕೆ ಎಬ್ಬಿಸಿ ಆಕಾರ ಕೊಡುವುದು, ಕುಟ್ಟಿ ಉಬ್ಬುತಗ್ಗು ತಗ್ಗಿಸುವುದು, ಕೊನೆಗೆ ಬಂಡೆಯ ಮೇಲೆ ಉಜ್ಜಿ ಅಂಚು ಹರಿತಗೊಳಿಸುವುದು: ಇದು ಕೆಲಸದ ಕ್ರಮ. ಉಜ್ಜಿದ ಬಂಡೆಗಳಲ್ಲಿ ಗಾಡಿಗಳು ಬಿದ್ದಂತೆ ನುಣುಪಾದ ತಗ್ಗುಗಳು ಉಳಿದಿವೆ. ಗುಡ್ಡದ ಮೇಲೆ ರಾಶಿ ರಾಶಿಯಾಗಿ ಸಿಗುವುದು ಚಕ್ಕೆಗಳು ಮತ್ತು ಅರೆಬರೆ ಕೊಡಲಿಗಳು. ಅವುಗಳನ್ನು ಯಾರೂ ನಾಚಿಕೆಯ ರಾಶಿ ಎಂದು ಕರೆದಿಲ್ಲ. ಕೆಲಸ ನಡೆದ ಕಡೆ ಅರ್ಧಕ್ಕೆ ನಿಂತ ವಸ್ತುಗಳು ಇರಲೇಬೇಕು. ನನ್ನ ಟ್ರಂಕಿನಲ್ಲಿ ಚಕ್ಕೆಯೊಂದೂ ಇರಲಿಲ್ಲವೆಂಬುದೇ ಅಲ್ಲಿಗೂ ಇಲ್ಲಿಗೂ ಇದ್ದ ವ್ಯತ್ಯಾಸ.

ಈ ಬೆಟ್ಟಗಳನ್ನು ವಿದ್ವತ್ ಲೋಕಕ್ಕೆ ತೋರಿಸಿದ ರಾಬರ್ಟ್ ಬ್ರೂಸ್ ಫೂಟ್ ಕೂಡ ಕೂಡಿಡುವ ಜಾತಿಯವರೇ. ಭೂವಿಜ್ಞಾನ ಸರ್ವೇಕ್ಷಣೆಗೆ 1858ರಲ್ಲಿ ಸೇರಿದ ಅವರು, ಬಳ್ಳಾರಿ ಜಿಲ್ಲೆಯ ಭೂರಚನೆಯ ಬಗ್ಗೆ ಬರೆದುದಲ್ಲದೆ, ದಕ್ಷಿಣ ಭಾರತದುದ್ದಕ್ಕೂ ಪ್ರಾಚೀನ ಆಯುಧಗಳನ್ನು ಹೆಕ್ಕುತ್ತ ಹೋದರು. ಆ ಸಂಗ್ರಹ 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. ಒಂದೊಂದನ್ನೂ ಗುರುತಿಸಿ ವಿವರಿಸುವ ಕೆಲಸಕ್ಕೆ ಕುಳಿತಾಗ ಅವರು ಎಪ್ಪತ್ತು ತಲುಪಿದ್ದರು. ವಿವರಣಾತ್ಮಕ ಪಟ್ಟಿ ಅಚ್ಚಾದದ್ದು 1914ರಲ್ಲಿ, ಅದರ ಟಿಪ್ಪಣಿಗಳ ಸಂಪುಟ 1916ರಲ್ಲಿ. ಫೂಟ್ 1912ರ ಡಿಸೆಂಬರಿನಲ್ಲಿಯೇ ತೀರಿಕೊಂಡಿದ್ದರು. ಮುದ್ರಿತ ಪುಟವನ್ನು ಅವರು ಕಾಣಲಿಲ್ಲ. ಆದರೆ ಬರೆದು ಮುಗಿಸಿದ್ದರು. ಬಳ್ಳಾರಿಯ ಪುರಾತತ್ವ ವಸ್ತುಸಂಗ್ರಹಾಲಯ ಇಂದು ಅವರ ಹೆಸರನ್ನೇ ಹೊತ್ತಿದೆ.

ನಾನೂರು ಮಂದಿಯ ಗೊಡವೆ ಬಿಟ್ಟು ನಾನು ಹತ್ತು ಮಂದಿಯನ್ನು ಹೊರತೆಗೆದೆ. 33ನೇ ರೆಜಿಮೆಂಟನ್ನು ಆರಿಸಿದ್ದಕ್ಕೆ ಎರಡು ಕಾರಣಗಳಿವೆ. ವೆಲ್ಲೆಸ್ಲಿಯೊಡನೆ ಈ ದಳ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿತ್ತು, 1815ರಲ್ಲಿ ವಾಟರ್‌ಲೂನಲ್ಲಿಯೂ ಇತ್ತು. ಎರಡನೆಯದು, ಅದರ ಕೊರಳಪಟ್ಟಿಯೂ ಅಂಗಿಯಂತೆ ಕೆಂಪು. ಒಂದು ಬಣ್ಣದ ಕೆಲಸ ಉಳಿಯಿತು. ಮೊದಲು ಸಾಬೂನು ನೀರಿನಲ್ಲಿ ತೊಳೆಯಬೇಕು, ಅಚ್ಚಿನ ಜಿಡ್ಡು ಹೋಗದಿದ್ದರೆ ಬಣ್ಣ ಸಿಪ್ಪೆಯೇಳುತ್ತದೆ. ಬಳಿಕ ಪ್ರೈಮರ್. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗೆ ಬಣ್ಣ ಕೊಡುವ ಮುನ್ನ ಹುಣಸೆಬೀಜದ ಅಂಟಿನ ಲೇಪದಿಂದ ಮೈ ಹದ ಮಾಡುತ್ತಾರಲ್ಲ, ಅದೇ ತತ್ತ್ವ. ಬಿಸಿಲೇರಿದ ಮೇಲೆ ಸಿಂಪಡಿಸಿದರೆ ಪ್ರೈಮರ್ ಗಾಳಿಯಲ್ಲಿಯೇ ಒಣಗಿ ಮರಳಿನಂತೆ ಕೂರುವುದರಿಂದ ಬೆಳಗಿನ ಆರು ಗಂಟೆಯೇ ಸರಿ. ಬಣ್ಣ ಒಣಗದಿರಲು ತಟ್ಟೆಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೆಣ್ಣೆ ಕಾಗದ ಹಾಸಿದರಾಯಿತು. ಆಮೇಲೆ ಕೊಡಲಿಯವರ ಕ್ರಮವೇ: ಹತ್ತೂ ಮಂದಿಗೆ ಕೆಂಪು, ಹತ್ತೂ ಮಂದಿಗೆ ಬೂದು ಷರಾಯಿ, ಹತ್ತೂ ಮಂದಿಗೆ ಕಪ್ಪು ಟೋಪಿ. ಒಬ್ಬನನ್ನೇ ಪೂರ್ತಿ ಮುಗಿಸಲು ಕುಳಿತರೆ ಮೂರನೆಯವನ ಹೊತ್ತಿಗೆ ಟ್ರಂಕಿನ ನೆನಪು ಕಾಡತೊಡಗುತ್ತದೆ.

ಮೊದಲ ತಂಡಕ್ಕೆ ಹದಿನೇಳು ದಿನ ಹಿಡಿಯಿತು. ಎರಡನೆಯ ಹತ್ತು ಮಂದಿ ಈಗ ಕಿಟಕಿಯ ಕಟ್ಟೆಯ ಮೇಲೆ, ಎದೆಯ ಬಿಳಿ ಅಡ್ಡಪಟ್ಟಿಗಾಗಿ ಕಾದು ನಿಂತಿದ್ದಾರೆ.